ಹೆಬ್ಬಾತಿನ ಮರಿಗಳ ಹಾಸಿಗೆ

ಮೊನ್ನೆ ಚಿಕ್ಕರಸಿನಕೆರೆಯಿಂದ ಬಸ್ಸಿನಲ್ಲಿ ಬರುವಾಗ ದಾರಿ ಬದಿಯ ಆಲೆಮನೆಯಿಂದ ಹುಳಿ ವಾಸನೆ ಬಂತು. ಬೆಲ್ಲದ ಪಾಕದ್ದಲ್ಲ, ಅದಾಗಿದ್ದರೆ ನೀವೂ ನಾನೂ ಕಿಟಕಿಗೆ ಮೂಗು ಒಡ್ಡುತ್ತಿದ್ದೆವು. ಇದು ಗಾಣದಿಂದ ಬಿದ್ದ ಹಸಿ ಕಬ್ಬಿನ ಸಿಪ್ಪೆ ರಾಶಿಯೊಳಗೇ ಬೆವತು ಮುಗ್ಗಿದ ವಾಸನೆ. ಪಕ್ಕದ ಸೀಟಿನಾಕೆ ಮೂಗಿಗೆ ಸೆರಗು ಹಿಡಿದಳು. ನಾನು ತಲೆ ತಗ್ಗಿಸಿದೆ.

ನಾನು ಓದಿದ್ದು ಏಳನೇ ಕ್ಲಾಸು. ಬರೆಯುವಾಗ ತಡವರಿಸುತ್ತೇನೆ. ಸುಳ್ಳು ಹೇಳುವಾಗ ಮಾತ್ರ ಎಂದೂ ತಡವರಿಸಿದವಳಲ್ಲ.

ಅಕ್ಕನನ್ನು ಕೊಟ್ಟಿದ್ದು ನಮ್ಮ ಬೀದಿಗೇ. ಅವಳಿಗೆ ಹೆಬ್ಬಾತಿನ ಹುಚ್ಚು ಹಿಡಿಸಿದವರು ಮದ್ದೂರಿನ ನೂರಮ್ಮ. ಗಂಡನ ಸ್ಕೂಟರ್ ರಿಪೇರಿ ಅಂಗಡಿಯ ಹಿಂದೆ ಹೆಬ್ಬಾತು ಸಾಕಿದ್ದರು. ಸಂತೆಯಲ್ಲಿ ಒಂದೇ ಬದನೆಕಾಯಿ ಗುಡ್ಡೆಗೆ ಕೈಹಾಕಿ ಜಗಳವಾಡಿದ್ದ ಇವರಿಬ್ಬರು, ಆಮೇಲೆ ಒಬ್ಬರ ಟೀ ಒಬ್ಬರು ಕುಡಿಯದೆ ಇದ್ದದ್ದಿಲ್ಲ. ವರ್ಷಗಳ ಹಿಂದೆ ಒಂದು ಮಾಗಿಯಲ್ಲಿ ನೂರಮ್ಮ ಪ್ರೀತಿಯಿಂದ ಅಕ್ಕನಿಗೆ ಮರಿಗಳನ್ನು ಕೊಟ್ಟರು.

ಬೆಳೆದ ಹೆಬ್ಬಾತಿಗೆ ಚಳಿಯೂ ಇಲ್ಲ, ಯಾರ ಭಯವೂ ಇಲ್ಲ. ಮರಿಗಳದ್ದು ಬೇರೆ. ಮೈಮೇಲೆ ಬರೀ ತುಪ್ಪಳ; ಕುಡಿಯುವ ನೀರು ಚೆಲ್ಲಿಕೊಂಡು, ಹಿಕ್ಕೆ ಹಾಕಿ, ಮಲಗುವ ಜಾಗವನ್ನು ತಾವೇ ಕೆಸರು ಮಾಡಿಕೊಳ್ಳುತ್ತವೆ. ಅಕ್ಕ ದಿನಾ ಬೆಳಗ್ಗೆ ಮರಿಗಳಿದ್ದ ಬಿದಿರಿನ ಮಂಕರಿಯಿಂದ ಒದ್ದೆ ಹುಲ್ಲು ತೆಗೆದು, ಒಣಹುಲ್ಲನ್ನು ಉಜ್ಜಿ ಮೆತ್ತಗೆ ಮಾಡಿ, ಕೆನ್ನೆಗೆ ಒತ್ತಿ ನೋಡಿ ಹಾಸುತ್ತಿದ್ದಳು.

"ಬಾಣಂತಿ ಕೋಣೆ ಕಣಕ್ಕ ಇದು. ಸಾಂಬ್ರಾಣಿ ಒಂದ್ ಆಕ್ಬುಡು" ಎಂದು ನಗುತ್ತಿದ್ದೆ.

"ನಿನ್ ಸಾಕಿದ್ಕಿಂತ ಇವೇ ವಾಸಿ, ಸುಮ್ಕಿರಮ್ಮಿ. ಕರದ್ರೆ ಬತ್ತವೆ."

ಅಷ್ಟರಲ್ಲಿ ಭಾವ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಮಂಡ್ಯದ ಆಸ್ಪತ್ರೆಗೆ ಹೊರಟ ಅಕ್ಕ ಬಸ್ಸು ಹತ್ತುವಾಗಲೂ ಹೇಳಿದ್ದು ಅದನ್ನೇ: "ದಿನಾ ಉಲ್ಲು ಬದ್ಲಾಯ್ಸು ಕಣಮ್ಮಿ. ತ್ಯಾವ ನಿಂತ್ರೆ ಮರಿ ಉಳಿಯಾಕಿಲ್ಲ."

ಮೊದಮೊದಲು ಬದಲಾಯಿಸಿದೆ. ಆದರೆ ಹುಲ್ಲಿನ ಮೆದೆ ಇದ್ದದ್ದು ಗದ್ದೆಯಾಚೆ. ಹೊರಗೆ ಮಂಜು, ನನಗೆ ಕಂಬಳಿ ಬಿಡಲು ಸೋಮಾರಿತನ. ಆಲೆಮನೆಯಾದರೆ ಮನೆಯ ಹಿತ್ತಲಿಗೇ ಅಂಟಿಕೊಂಡಿತ್ತು. ಸಿಪ್ಪೆ ರಾಶಿಯೊಳಗೆ ಕೈ ತೂರಿಸಿದರೆ ಈಗಷ್ಟೇ ಒಲೆಯಿಂದ ಇಳಿಸಿದ ಮಡಕೆಯ ಹಾಗೆ ಬೆಚ್ಚಗಿತ್ತು. ಬಾಚಿ ತಂದು ಮಂಕರಿಗೆ ತುಂಬಿ, ಮೇಲೆ ಗೋಣಿ ಮುಚ್ಚಿದೆ. ಮರಿಗಳು ಒತ್ತಿಕೊಂಡು ಮಲಗಿದವು. ಅಕ್ಕನಿಗೆ ಹೊಳೆಯದ್ದು ನನಗೆ ಹೊಳೆಯಿತೆಂದು ಬೀಗಿದೆ. ಮಾರನೆಯ ದಿನ ಬದಲಾಯಿಸಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಅಡಿಯಲ್ಲಿ ಬೆಳ್ಳಗೆ ಬೂಷ್ಟು ಹಿಡಿದದ್ದು ಕಂಡಿತು. ಕಂಡೂ, ಅದರ ಮೇಲೆಯೇ ಇನ್ನೊಂದಿಷ್ಟು ಸಿಪ್ಪೆ ಹಾಕಿದೆ.

ಆ ಬೂಷ್ಟಿನ ಗಾಳಿ ಕುಡಿದ ಮರಿಗಳು ಕೊಕ್ಕು ತೆರೆದು ಉಸಿರಿಗೆ ಒದ್ದಾಡಿದವು. ಒಂದೂ ಉಳಿಯಲಿಲ್ಲ.

ಇಲ್ಲಿಯವರೆಗಿನದನ್ನು ನೀವು ದಡ್ಡತನ ಅನ್ನಬಹುದು. ಮುಂದಿನದಕ್ಕೆ ಆ ಹೆಸರು ಸಲ್ಲದು. ಸಿಪ್ಪೆಯನ್ನೆಲ್ಲ ಬಚ್ಚಲೊಲೆಗೆ ಹಾಕಿ ಸುಟ್ಟೆ. ಮಂಕರಿ ತೊಳೆದು ಒಣಹುಲ್ಲು ಹಾಸಿಟ್ಟೆ. ಅಕ್ಕ ಬಂದು ಆ ಹುಲ್ಲನ್ನೇ ಕೆನ್ನೆಗೆ ಒತ್ತಿಕೊಂಡಳು.

"ದಿನಾ ಬದ್ಲಾಯ್ಸಿದ್ಯೇನಮ್ಮಿ?"

"ಊಂ ಕಣಕ್ಕ. ಮರೀಗೇ ಮೊದ್ಲಿಂದ ಸೀಕಿತ್ತೇನೋ."

ಮಾರನೆಯ ದಿನ ಅಕ್ಕ ಮದ್ದೂರಿಗೆ ಹೋಗಿ, ಅಂಗಡಿಗೆ ಬಂದವರೆಲ್ಲರ ಎದುರು ಕೂಗಿದಳು: "ಸೀಕಿನ ಮರಿ ಕೊಟ್ಟು ನನ್ ಒಟ್ಟೆ ಉರಿಸ್ಬುಟ್ಟಲ್ಲ!"

"ನನ್ ಮರಿಗೆ ಸೀಕಿರ್ಲಿಲ್ಲ ಕಣಮ್ಮ" ಎಂದರು ನೂರಮ್ಮ, ಅಷ್ಟೇ. ಚೀಲ ಹಿಡಿದು ಹಿಂದೆ ನಿಂತಿದ್ದ ನಾನು ಬಿಚ್ಚಿಟ್ಟಿದ್ದ ಸ್ಕೂಟರ್ ಚಕ್ರವನ್ನು ನೋಡುತ್ತಿದ್ದೆ. ಅಂದಿನಿಂದ ಅಕ್ಕ ಆ ರಸ್ತೆಗೇ ಕಾಲಿಟ್ಟಿಲ್ಲ.

ಮೊನ್ನೆ ಬಸ್ಸಿಳಿದವಳು ಸೀದಾ ಅಕ್ಕನ ಮನೆಗೆ ಹೋದೆ. ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲ ಹೇಳಿದೆ. ಕೈ ನಿಂತಿತು. ಹೊಡೆಯುತ್ತಾಳೆಂದು ಕಾದೆ, ಹೊಡೆದಿದ್ದರೆ ಹಗುರವಾಗುತ್ತಿತ್ತು.

"ನಂಗ್ಯಾಕಮ್ಮಿ ಏಳ್ತೀಯ? ಬಯ್ಸ್ಕಂಡೋಳು ಮದ್ದೂರಲ್ಲವ್ಳೆ" ಎಂದು ಒಳಗೆ ಹೋದಳು.

ನಿನ್ನೆ ಮದ್ದೂರಿಗೆ ಹೋದೆ. ನೂರಮ್ಮನ ತಲೆ ಬೆಳ್ಳಗಾಗಿತ್ತು. ಗುರುತು ಹಿಡಿದವರೇ, "ಅಕ್ಕ ಹೆಂಗವ್ಳೆ?" ಎಂದರು. ಕೂರದೆ, ನಿಂತೇ ಹೇಳಿ ಮುಗಿಸಿದೆ.

"ನೀನ್ ಬಂದಿದ್ದು ಸರಿ ಕಣಮ್ಮ. ಆದ್ರೆ ನನ್ ಮಾತು ನಂಬ್ದೆ ಹೋದೋಳು ಅವ್ಳು. ಅವ್ಳ್ಯಾಕ್ ಬರ್ಲಿಲ್ಲ?"

ನೂರಮ್ಮನಿಗೆ ಮುಖ ತೋರಿಸಲು ಅಕ್ಕನಿಗೆ ನಾಚಿಕೆ. ಅದು ನನ್ನ ನಾಚಿಕೆ. ಇಷ್ಟು ವರ್ಷವಾದ ಮೇಲೆ ಅದನ್ನು ಅವಳ ತಲೆಗೂ ಹೊರಿಸಿ ಬಂದಿದ್ದೆ. ಅಕ್ಕನ ನಂಬರು ಒತ್ತಿ, ಆ ಕಡೆ "ಅಲೋ" ಅಂದದ್ದೇ ಫೋನನ್ನು ನೂರಮ್ಮನ ಕೈಗಿಟ್ಟು ಹಿತ್ತಲಿಗೆ ಬಂದೆ.

ಬಾತುಗಳು ಕತ್ತು ಚಾಚಿ ಸುತ್ತುಗಟ್ಟಿ ಅರಚತೊಡಗಿದವು. ಒಳಗೆ ಫೋನಿನಲ್ಲಿ ಇಬ್ಬರೂ ಏನಾಡುತ್ತಿದ್ದಾರೆ, ಯಾರು ಅಳುತ್ತಿದ್ದಾರೆ, ಒಂದೂ ಕೇಳಿಸಲಿಲ್ಲ. ಅವರ ನಡುವೆ ಇನ್ನೊಂದು ಮಾತು ಆಡುವ ಹಕ್ಕು ನನಗಿರಲಿಲ್ಲ. ಬಾತುಗಳು ಬೈದಷ್ಟೂ ಬೈಸಿಕೊಂಡು ಅಲ್ಲೇ ನಿಂತಿದ್ದೆ.