ಹೊಲಿಗೆಯಮ್ಮ ರಸ್ತೆ ದಾಟಿದ್ದು

ಹೊಲಿಗೆಯಮ್ಮ ಯಂತ್ರದ ಮುಂದೆ ಕುಳಿತು ತಲೆಯೆತ್ತಿದರೆ ತಂಗಿಯ ಮನೆಯ ಬಾಗಿಲು ನಿಚ್ಚಳವಾಗಿ ಕಾಣುತ್ತಿತ್ತು. ನಡುವೆ ಇದ್ದದ್ದು ರಸ್ತೆಯೊಂದೇ. ಆದರೆ ಕೆಲವು ವರ್ಷಗಳ ಹಿಂದೆ ಮೋಟಾರುಬೈಕೊಂದು ಅವಳನ್ನು ಅದೇ ರಸ್ತೆಯ ನಟ್ಟನಡುವೆ ಕೆಡವಿ ಹೋದಂದಿನಿಂದ ಅದು ಅವಳ ಪಾಲಿಗೆ ದಾಟಲಾಗದ ಮಹಾನದಿಯಾಗಿತ್ತು. ದೈವಕೃಪೆಯಿಂದ ಕಾಲಿನ ಮೂಳೆ ಕೂಡಿಕೊಂಡಿತು. ಹೋದ ಧೈರ್ಯ ಮಾತ್ರ ಮರಳಲಿಲ್ಲ. ವಾಹನದಲ್ಲಾದರೂ ಬಾ ಎಂದು ತಂಗಿ ಕರೆದರೆ, ಬಟ್ಟೆಯ ಗಂಟಿನಂತೆ ತನ್ನನ್ನು ಯಾರೂ ಹೊತ್ತೊಯ್ಯಬೇಕಾಗಿಲ್ಲವೆಂದು ಸಿಡುಕುವಳು.

ಅಕ್ಕ ಹೊಲಿಯುವುದು, ತಂಗಿ ಕಾಜಾ ಮಾಡಿ ಗುಂಡಿ ಹಚ್ಚುವುದು: ಅಮ್ಮನ ಕೈಯಲ್ಲಿ ಜಡೆ ಹೆಣೆಸಿಕೊಳ್ಳುತ್ತಿದ್ದ ಕಾಲದಿಂದಲೂ ಇಬ್ಬರೂ ಎದುರುಬದುರು ಕುಳಿತು ನಡೆಸಿಬಂದ ಕಾಯಕವದು. ಈಗ ಅಂಗಿಗಳು ತಂಗಿಯ ಗಂಡನ ಸೈಕಲ್ಲೇರಿ ಅತ್ತಿತ್ತ ಓಡಾಡುತ್ತಿದ್ದವು, ಬೈಗುಳ ಫೋನಿನಲ್ಲಿ. ತಂಗಿಯೇನೋ ಬಿಡುವಾದಾಗ ಬರುತ್ತಿದ್ದಳು. ಅವಳು ಮರಳಿ ಆಚೆ ಸೇರುವತನಕ ಅಕ್ಕನಿಗೆ ಜೀವದಲ್ಲಿ ಜೀವವಿರುತ್ತಿರಲಿಲ್ಲ.

ಕಡೆಗೆ ರಸ್ತೆ ಸುಧಾರಣೆ ಆರಂಭವಾಯಿತು. ಧೂಳೆದ್ದು ಬಿಳಿಯ ಅಂಗಿಗಳ ಮೇಲೆ ಕೂರುತ್ತದೆಂದು ಹೊಲಿಗೆಯಮ್ಮ ಕೆಲಸದವರಿಗೆ ಹಾಕಿದ ಶಾಪಕ್ಕೆ ಮಿತಿಯಿಲ್ಲ. ಧೂಳಡಗಿದ ಮೇಲೆ ನೋಡುತ್ತಾಳೆ: ಅಗಲವಾದ ಕಾಲುದಾರಿ, ಬಿಳಿಯ ಪಟ್ಟೆಗಳು, ನಡೆಯುವವರಿಗೆಂದೇ ದೀಪ, ನಡುವೆ ಕಂಬಿ ಹಾಕಿದ ಒಂದು ಕಟ್ಟೆ. ದೀಪ ಹತ್ತಿದ ಮೊದಲ ಬೆಳಗ್ಗೆಯೇ ಅವಳು ಮನಸ್ಸಿನಲ್ಲಿ ದೇವರನ್ನು ನೆನೆದು, ಯಾರಿಗೂ ಹೇಳದೆ ಹೊರಬಿದ್ದಳು.

ಅರ್ಧ ದಾರಿ ಹೇಗೋ ಸಾಗಿತು. ಕಟ್ಟೆ ಏರಿದ್ದೇ ತಡ, ತಾನು ಅಂದು ಬಿದ್ದ ಜಾಗ ಇದೇ ಎಂಬುದು ನೆನಪಾಗಿ ಕಾಲುಗಳು ನೆಲಕ್ಕೆ ನಾಟಿಕೊಂಡವು. ಹಸಿರು ದೀಪ ಬಂದಿತು, ಹೋಯಿತು. ಮತ್ತೆ ಬಂದಿತು, ಹೋಯಿತು. ಅಕ್ಕ ಕಂಬಿ ಬಿಡಲಿಲ್ಲ. ಆಚೆಯಿಂದ ಕಂಡ ತಂಗಿ ಕರೆದೊಯ್ಯಲು ಓಡಿಬಂದವಳು, ಅಕ್ಕನ ಛಲವನ್ನು ಬಲ್ಲವಳಾದ್ದರಿಂದ, ದಡದಲ್ಲಿಯೇ ನಿಂತಳು.

"ಏನಕ್ಕಾ, ಅಲ್ಲೇ ಮನೆ ಮಾಡ್ಬಿಟ್ಯಾ? ಬಾಡಿಗೆ ಎಷ್ಟಂತೆ?"

ಹೊಲಿಗೆಯಮ್ಮನಿಗೆ ಭಯದ ನಡುವೆಯೂ ನಗು ಉಕ್ಕಿತು. ಅಷ್ಟರಲ್ಲಿ ದೀಪ ಮತ್ತೆ ಹಸಿರಾಯಿತು. ಬಸ್ಸು, ಲಾರಿ, ಕಾರು, ಆ ಪಾಪಿ ಮೋಟಾರುಬೈಕುಗಳು ಕೂಡ ಗೆರೆಯ ಹಿಂದೆ ಸಾಲಾಗಿ ನಿಂತವು. ತನ್ನಂತೆಯೇ ದಾಟಲು ಕಟ್ಟೆಯ ಮೇಲೆ ಪಕ್ಕದಲ್ಲಿ ನಿಂತಿದ್ದ ಅಂಚೆಯವನನ್ನು ಅವಳು ಮೆಲ್ಲಗೆ ಕೇಳಿದಳು: "ಇಷ್ಟೂ ಗಾಡಿ ನನಗೋಸ್ಕರ ನಿಂತಿದಾವಾ?"

"ನಿಮಗೋಸ್ಕರಾನೇ ಅಮ್ಮ. ನೀವು ಹೋಗೋವರೆಗೂ ಅವು ಅಲ್ಲಾಡೋ ಹಾಗಿಲ್ಲ."

ಹೊಲಿಗೆಯಮ್ಮ ಸೆರಗು ಹೊದ್ದು, ಕತ್ತು ನೀಳವಾಗಿಸಿ, ಪಟ್ಟದ ರಾಣಿಯು ಸಭಾಸದರ ನಡುವೆ ನಡೆವಂತೆ ಗಂಭೀರವಾಗಿ ನಡೆದಳು. ಆಚೆ ದಡದಲ್ಲಿ ತಂಗಿ ಕಣ್ಣೊರಸಿಕೊಂಡು ಅವಳ ಎರಡೂ ಕೈ ಹಿಡಿದು ಮನೆಯತ್ತ ಎಳೆದಳು. ಅಕ್ಕ ಕದಲದೆ ಹಿಂದೆ ತಿರುಗಿ ರಸ್ತೆಯನ್ನೇ ನೋಡುತ್ತಿದ್ದಳು.

"ನಿಲ್ಲೇ. ಇನ್ನೊಂದ್ಸಲ ಹೋಗಿ ಬರ್ತೀನಿ."

"ಇಷ್ಟು ವರ್ಷ ಆದ್ಮೇಲೆ ಬಂದು, ಒಳಗೆ ಕಾಲಿಡದೇನೇ?"

"ನಿನ್ನ ಮನೆ ಎಲ್ಲಿಗೂ ಓಡಿಹೋಗಲ್ಲ. ಬೇಕಾದ್ರೆ ನೀನೂ ಬಾ."

ತಂಗಿ ಗೊಣಗುತ್ತಲೇ ಜೊತೆಗೂಡಿದಳು. ದೀಪ ಹಸಿರಾಗುತ್ತಲೇ ಅಕ್ಕ ಅವಳಿಗಿಂತ ಒಂದು ಹೆಜ್ಜೆ ಮುಂದಾಗಿ ರಸ್ತೆಗಿಳಿದಳು.