ಉಪ್ಪು ನೋಡದೆ ಮಾಡಿದ ಮೊಸರನ್ನ

ಮಾರಮ್ಮನನ್ನು ನಂಬಿ ಬದುಕುವ ನಿಮಗೆಲ್ಲ ಮೂಡಲಪಾಳ್ಯದ ಜಯಮ್ಮ ಕೈಮುಗಿದು ಬರೆಯುತ್ತಿದ್ದೇನೆ. ನನಗೆ ಬಂದದ್ದು ನಾಲಿಗೆಯ ಕ್ಯಾನ್ಸರ್. ಅದು ಹೇಗೆ ಹೋಯಿತು ಎಂಬುದನ್ನು ಡಾಕ್ಟರು ಹೇಳಬೇಕು, ನಾನಲ್ಲ. ನಾನು ಹೇಳಹೊರಟಿರುವುದು ಅದು ಹೋದ ಮೇಲಿನ ಕಷ್ಟವನ್ನು. ಚಿಕಿತ್ಸೆ ಮುಗಿಯಿತು, ಗೆದ್ದುಬಿಟ್ಟೆ ಎಂದು ಎಲ್ಲರೂ ಅಂದರು, ಬೀದಿಯವರೆಲ್ಲ ಹಣ್ಣು ತಂದು ಕೊಟ್ಟು ಹೋದರು. ಆ ಹಣ್ಣಿನಲ್ಲಿ ಒಂದು ಹೋಳನ್ನೂ ನನಗೆ ನುಂಗಲಾಗಲಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ನಾಲಿಗೆಯ ಬದಿಯಲ್ಲಿ ಒಂದು ಹುಣ್ಣು ಕಾಣಿಸಿತು. ಹಲ್ಲು ತಾಗಿರಬೇಕು ಎಂದು ಜೇನುತುಪ್ಪ ಹಚ್ಚಿಕೊಂಡು ಓಡಾಡಿದೆ. ವಾಸಿಯಾಗಲಿಲ್ಲ. ಪರೀಕ್ಷೆ ಆಯಿತು, ಆಪರೇಷನ್ ಆಯಿತು, ಆಮೇಲೆ ರೇಡಿಯೇಷನ್. ನಮ್ಮ ಯಜಮಾನರು ನಂಜಪ್ಪನವರೂ ನಾನೂ ಬೆಳಿಗ್ಗೆ ಎದ್ದು ಮಾರ್ಕೆಟ್‌ವರೆಗೆ ಒಂದು ಬಸ್ಸು, ಅಲ್ಲಿಂದ ಆಸ್ಪತ್ರೆಗೆ ಇನ್ನೊಂದು ಬಸ್ಸು ಹಿಡಿದು ವಾರಗಟ್ಟಲೆ ಅಲೆದೆವು. ಶಿವರಾತ್ರಿಯ ಹಿಂದುಮುಂದು ಅದೂ ಮುಗಿಯಿತು. ಆ ಹೊತ್ತಿಗೆ ಬಾಯಿಯ ಒಳಗೆಲ್ಲ ಬೆಂದುಹೋಗಿತ್ತು. ಜೊಲ್ಲು ಒಣಗಿತ್ತು. ಏನು ಇಟ್ಟರೂ ಒಂದೋ ಉರಿ, ಇಲ್ಲವೋ ತುಕ್ಕು ಹಿಡಿದ ಕಬ್ಬಿಣದ ರುಚಿ.

ನಮ್ಮದು ಹಳೆಯ ಊರಿನ ಮನೆತನ. ಹಿಂದೆ ಹೊಲವಿದ್ದ ಜಾಗದಲ್ಲಿ ಈಗ ನಮ್ಮ ಮನೆಯೂ ಅದರ ಮೇಲೆ ಬಾಡಿಗೆ ಮನೆಗಳೂ ಇವೆ. ಹದವಾದ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿದರೇ ನನಗೆ ಊಟ. ಅಡುಗೆಯ ವಿಷಯದಲ್ಲಿ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ. ಬೀದಿಯಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಕಮ್ಮಿ ಎಂಬುದನ್ನು ವಾಸನೆಯಲ್ಲೇ ಹೇಳುತ್ತಿದ್ದೆ. ಅಂಥವಳಿಗೆ ಈಗ ಸಕ್ಕರೆಯೂ ಒಂದೇ, ಸೀಮೆಸುಣ್ಣವೂ ಒಂದೇ.

ಸೊಸೆ ಶ್ವೇತಾ ಒಳ್ಳೆಯ ಹುಡುಗಿ. ಆಸ್ಪತ್ರೆಯಲ್ಲಿ ಊಟದ ವಿಚಾರ ಹೇಳುವ ಮೇಡಂ, ಮೆತ್ತಗಿರುವುದನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ, ಖಾರ ಹುಳಿ ಬೇಡ, ಬೇಳೆ ಮೊಟ್ಟೆ ಮೊಸರು ಬಿಡಬೇಡಿ ಎಂದಿದ್ದರು. ಶ್ವೇತಾ ಅದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಿದ್ದಳು. ಬೇಳೆಯನ್ನು ಕಡೆದು ತರುವಳು, ಮೊಟ್ಟೆಯನ್ನು ಹಾಲಿನಲ್ಲಿ ಕದಡಿ ಬೇಯಿಸಿ ತರುವಳು. ನಾನು ಒಂದು ಚಮಚ ಬಾಯಿಗಿಟ್ಟುಕೊಂಡು ತಟ್ಟೆಗೇ ಉಗಿಯುತ್ತಿದ್ದೆ.

"ಏನೇ ಹಾಕಿದೀಯಾ ಇದಕ್ಕೆ, ಮಣ್ಣಾ?"

"ನೀವು ಹೇಳಿಕೊಟ್ಟಿದ್ದನ್ನೇ ಹಾಕಿದೀನಿ ಅತ್ತೆ."

ಮನೆಯಲ್ಲಿ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಟಿವಿ ಹಾಕುವುದು, ಆರಿಸುವುದು. ಫ್ರಿಜ್ಜಿನ ಬಾಗಿಲು ತೆಗೆಯುವುದು, ಮುಚ್ಚುವುದು. ಒಗೆದು ಮಡಿಸಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಿಸುವುದು. ಕುಕ್ಕರ್ ಕೂಗಿದರೆ ಎದೆ ಢವಢವ ಅನ್ನುವುದು, ಇನ್ನೇನು ತಟ್ಟೆ ಬರುತ್ತದಲ್ಲ ಎಂದು. ಕೊನೆಗೆ ಊಟದ ಹೊತ್ತಿಗೆ ಸರಿಯಾಗಿ ಮನೆ ಬಿಟ್ಟು ಓಡುವುದನ್ನು ಕಲಿತೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿತ್ತಲ್ಲ, ಮುಂದೆ ಬಂದ ಬಸ್ಸು ಹತ್ತುತ್ತಿದ್ದೆ. ಒಂದು ದಿನ ಕೆಂಗೇರಿ, ಒಂದು ದಿನ ನಂದಿನಿ ಲೇಔಟ್. ಕಂಡಕ್ಟರ್ "ಎಲ್ಲಿಗಮ್ಮಾ?" ಅಂದರೆ "ಕೊನೇ ಸ್ಟಾಪು" ಅನ್ನುವುದು. ಅಲ್ಲಿ ಇಳಿದು, ಅದೇ ಬಸ್ಸು ಹತ್ತಿ ವಾಪಸ್ ಬರುವುದು. ಮನೆಗೆ ಬಂದು "ದಾರಿಯಲ್ಲಿ ಎಳನೀರು ಕುಡಿದೆ, ಹೊಟ್ಟೆ ತುಂಬಿದೆ" ಎನ್ನುತ್ತಿದ್ದೆ.

ಒಂದು ದಿನ ಶ್ವೇತಾಳ ಮೇಲಿನ ಸಿಟ್ಟಿಗೆ ನಾನೇ ಸೆರಗು ಸಿಕ್ಕಿಸಿ ಸೊಪ್ಪಿನ ಸಾರು ಮಾಡಿದೆ. ಹಾಗೆ ಮಾಡಿದರೆ ರುಚಿ ತಾನಾಗಿ ಬಂದೀತು ಎಂಬ ಆಸೆ. ಉಪ್ಪು ಹಾಕಿ ನೋಡಿದೆ, ಸಪ್ಪೆ. ಇನ್ನಷ್ಟು ಹಾಕಿದೆ, ಆಗಲೂ ಸಪ್ಪೆ. ಊಟಕ್ಕೆ ಕೂತ ಯಜಮಾನರು ತಲೆಯೆತ್ತದೆ ತಟ್ಟೆ ಖಾಲಿ ಮಾಡಿ, ಚೊಂಬಿನ ನೀರನ್ನೆಲ್ಲ ಗಟಗಟ ಕುಡಿದು ಎದ್ದುಹೋದರು. ಒಂದು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವತ್ತಿನಿಂದ ನಾನು ಒಲೆಯ ಹತ್ತಿರ ಹೋಗಲಿಲ್ಲ.

ಯುಗಾದಿ ಕಳೆದ ಮೇಲೆ ಆಸ್ಪತ್ರೆಗೆ ಹೋದಾಗ ನಾನು ಯಜಮಾನರ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೂಕದ ಯಂತ್ರ ಹತ್ತಿದೆ. ನರ್ಸಮ್ಮ ಕಂಡುಹಿಡಿದಳು.

"ಬೀಗ ಪಕ್ಕಕ್ಕಿಡಿ ಆಂಟಿ. ನಮಗೆ ನಿಮ್ ತೂಕ ಬೇಕು, ನಿಮ್ಮನೆ ಬೀಗದ್ದಲ್ಲ."

ಡಾಕ್ಟರು ನಗಲಿಲ್ಲ. "ಅಮ್ಮಾ, ಗಾಯ ಚೆನ್ನಾಗಿ ಒಣಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ತೂಕ ಹೀಗೇ ಇಳೀತಾ ಹೋದ್ರೆ ನಾನು ನೋಡ್ಕೊಂಡು ಕೂರೋಕಾಗಲ್ಲ. ಮುಂದಿನ ತಿಂಗಳು ಬಂದಾಗ್ಲೂ ಇಳಿದಿದ್ರೆ ಮೂಗಿಂದ ಹೊಟ್ಟೆಗೆ ಟ್ಯೂಬ್ ಹಾಕ್ತೀನಿ. ಅದರಲ್ಲೇ ಊಟ" ಎಂದರು.

ಆ ಟ್ಯೂಬಿನಿಂದ ಎಷ್ಟೋ ಜನ ಬದುಕಿದ್ದಾರೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಒಂದು ಸಲ ಅದು ಬಂದರೆ ಇನ್ನು ಜನ್ಮದಲ್ಲಿ ಬಾಯಿಂದ ಉಣ್ಣುವುದಿಲ್ಲ ಎಂದೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಮನೆಗೆ ಬರುವಾಗ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕೂರದೆ ಕಂಬ ಹಿಡಿದು ನಿಂತೇ ಬಂದೆ. ಇಳಿದವಳೇ ನೇರವಾಗಿ ಮಾರಮ್ಮನ ಗುಡಿಗೆ ಹೋದೆ. ಬಾಗಿಲು ಹಾಕಿತ್ತು. ಕಂಬಿಯ ಆಚೆಯಿಂದಲೇ ಜಗಳ ತೆಗೆದೆ. "ನಾಲಿಗೆಯನ್ನ ಕೊಯ್ಸಿದೆ, ಸುಡಿಸಿದೆ, ಆಯ್ತು. ಉಳಿದಿರೋದಕ್ಕಾದ್ರೂ ರುಚಿ ಕೊಡಮ್ಮಾ. ಬೇರೇನೂ ಕೇಳಲ್ಲ." ಎಷ್ಟು ಅತ್ತೆನೋ ಗೊತ್ತಿಲ್ಲ. ಮರುದಿನವೂ ಬಾಯಿ ಹಾಗೇ ಇತ್ತು, ಅದರ ಮರುದಿನವೂ. ಅಮ್ಮನೂ ಕೈಬಿಟ್ಟಳು ಎಂದುಕೊಂಡೆ. ದೀಪ ಹಚ್ಚಲೂ ಮನಸ್ಸು ಬರಲಿಲ್ಲ.

ನಮ್ಮ ಕಡೆಯ ಪದ್ಧತಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಬಿಸಿಲು ಏರಿದ ಮೇಲೆ ಮಳೆ ಬೀಳುವವರೆಗೆ ಪ್ರತಿ ಮಂಗಳವಾರ ಒಂದೊಂದು ಮನೆಯವರು ಅಮ್ಮನಿಗೆ ತಂಪು ಮಾಡಬೇಕು. ತಂಪು ಎಂದರೆ ಮೊಸರನ್ನ. ಅನ್ನವನ್ನು ಮೆತ್ತಗೆ ಬೇಯಿಸಿ, ಚೆನ್ನಾಗಿ ಮಸೆದು, ಆರಿಸಿ, ಹಾಲು ಮೊಸರು ಬೆರೆಸಿ ತರುವುದು. ಒಗ್ಗರಣೆ ಹಾಕುವ ಹಾಗಿಲ್ಲ. ಕಾದ ಎಣ್ಣೆ, ಮೆಣಸಿನಕಾಯಿ ಅದರ ಹತ್ತಿರ ಸುಳಿಯಬಾರದು, ಏಕೆಂದರೆ ಅಮ್ಮನ ಮೈ ಉರಿಯುತ್ತಿರುತ್ತದೆ. ಅದನ್ನು ಅವಳ ಮುಂದೆ ಎಡೆ ಇಟ್ಟು ಬೀದಿಗೆಲ್ಲ ಹಂಚುವುದು.

ಆ ಸಲ ನಮ್ಮ ಮನೆಯ ಸರದಿ ಬಂದಿತ್ತು. ಶ್ವೇತಾ ಮಾಡುತ್ತಾಳೆ ಎಂದು ನಾನು ಆ ಕಡೆ ಯೋಚನೆಯನ್ನೇ ಬಿಟ್ಟಿದ್ದೆ. ಮಂಗಳವಾರ ಬೆಳಿಗ್ಗೆ ಅವಳು ಅಡುಗೆಮನೆಯ ಹೊಸ್ತಿಲಾಚೆ ನಿಂತು, "ಅತ್ತೆ, ನಾನು ಇವತ್ತು ದೇವರ ಕೆಲಸ ಮುಟ್ಟೋ ಹಾಗಿಲ್ಲ. ನೀವೇ ಮಾಡಬೇಕು" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಕೈಲಾಗಲ್ಲ. ಪಕ್ಕದ ಮನೆಯವರಿಗೆ ಹೇಳು. ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ಗೊತ್ತಾಗದ ನಾಲಿಗೆ ಇಟ್ಕೊಂಡು ಅಮ್ಮನಿಗೆ ಏನೇ ಮಾಡ್ಲಿ? ಆವತ್ತಿನ ಸಾರು ಮರೆತುಹೋಯ್ತಾ?"

ಶ್ವೇತಾ ಸಾಮಾನ್ಯವಾಗಿ ನನಗೆ ಎದುರು ಮಾತಾಡುವವಳಲ್ಲ. ಅವತ್ತು ಆಡಿದಳು.

"ಎಡೆಗೆ ಮಾಡೋದನ್ನ ನೀವು ಯಾವತ್ತು ಬಾಯಿಗೆ ಹಾಕ್ಕೊಂಡು ನೋಡಿದೀರಿ ಅತ್ತೆ? ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ಉಪ್ಪು ನೋಡೋಕೆ ಹೋಗಿದ್ದಕ್ಕೆ ನನ್ನ ಕೈಮೇಲೆ ಹೊಡೆದ್ರಲ್ಲ, ಎಂಜಲು ಮಾಡ್ಬೇಡ ಅಂತ. ಇಷ್ಟು ವರ್ಷ ನಾಲಿಗೆ ಇಲ್ದೆನೇ ತಾನೇ ಮಾಡಿರೋದು?"

ಅವಳು ಹೇಳಿದ್ದು ನಿಜ. ನಮ್ಮತ್ತೆ ನನಗೆ ಹಾಗೆಯೇ ಕಲಿಸಿದ್ದರು. ದೇವರಿಗಿಂತ ಮೊದಲು ನಾವು ರುಚಿ ನೋಡುವಂತಿಲ್ಲ. ಕೈಗೆ ಅಂದಾಜು ಗೊತ್ತಿರಬೇಕು, ಕಣ್ಣಿಗೆ ಹದ ಕಾಣಬೇಕು, ಅಷ್ಟೇ.

ತಲೆಗೆ ನೀರು ಹಾಕಿಕೊಂಡು ಬಂದು ಅಕ್ಕಿ ತೊಳೆದೆ. ಎರಡು ಸಲ ಬಿಟ್ಟುಹೋಗೋಣ ಅನ್ನಿಸಿ ಬಾಗಿಲವರೆಗೆ ಹೋಗಿ ಬಂದೆ. ಅನ್ನ ಬೆಂದ ಮೇಲೆ ಮರದ ಸೌಟಿನಲ್ಲಿ ಮಸೆಯತೊಡಗಿದಾಗ ಕೈ ತನ್ನ ಪಾಡಿಗೆ ತಾನು ನಡೆಯಿತು. ಹಾಲು ಎಷ್ಟು, ಮೊಸರು ಎಷ್ಟು ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಉಪ್ಪನ್ನು ಅಂಗೈಯಲ್ಲಿ ತೆಗೆದುಕೊಂಡೆ, ಸ್ವಲ್ಪ ಡಬ್ಬಿಗೆ ವಾಪಸ್ ಹಾಕಿದೆ, ಉಳಿದದ್ದನ್ನು ಉದುರಿಸಿ ಕಲಸಿದೆ. ಸರಿಯೋ ತಪ್ಪೋ ಅಮ್ಮನೇ ನೋಡಿಕೊಳ್ಳಲಿ ಎಂದು ಪಾತ್ರೆಯ ಮೇಲೆ ಬೇವಿನ ಸೊಪ್ಪು ಇಟ್ಟು ಯಜಮಾನರ ಕೈಗೆ ಕೊಟ್ಟೆ.

ಗುಡಿಯಲ್ಲಿ ಪೂಜೆಯಾಯಿತು. ದೊನ್ನೆಗೆ ಹಾಕಿ ಹಂಚಲು ನಾನೇ ನಿಂತೆ. ಎಲ್ಲರ ಮುಖವನ್ನೂ ಕಳ್ಳಗಣ್ಣಿನಲ್ಲಿ ನೋಡುತ್ತಿದ್ದೆ, ಯಾರು ಮುಖ ಹಿಂಡುತ್ತಾರೋ, ಯಾರು ನೀರಿಗೆ ಓಡುತ್ತಾರೋ ಎಂದು. ನಮ್ಮ ಮೇಲಿನ ಬಾಡಿಗೆ ಮನೆಯಲ್ಲಿ ಶಾಂತವ್ವ ಎಂಬಾಕೆ ಇದ್ದಾಳೆ, ರಾಯಚೂರು ಕಡೆಯವಳು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಅವಳು ದೊನ್ನೆ ಬರಿದು ಮಾಡಿ ಮತ್ತೆ ಬಂದು ಕೈಚಾಚಿದಳು.

"ಇನ್ನೊಂದೀಟು ಹಾಕ್ರಿ ಅಮ್ಮಾರ. ಬಾಳ ಛಲೋ ಆಗೇತಿ."

"ಉಪ್ಪು?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಬರೋಬ್ಬರಿ ಐತ್ರೀ. ನೀವು ಉಂಡಿಲ್ಲೇನು?" ಎಂದವಳೇ ನನ್ನ ಕೈಯಿಂದ ಸೌಟು ಕಿತ್ತುಕೊಂಡು, ನನ್ನ ಅಂಗೈಗೇ ಒಂದು ತುತ್ತು ಹಾಕಿದಳು. ಅವಳಿಗೆ ನನ್ನ ಕಾಯಿಲೆ ಗೊತ್ತಿತ್ತು, ಬಾಯಿಯ ಸ್ಥಿತಿ ಗೊತ್ತಿರಲಿಲ್ಲ.

ಪ್ರಸಾದ ಕೈಗೆ ಬಿದ್ದ ಮೇಲೆ ಬೇಡ ಎನ್ನಲಾಗುತ್ತದೆಯೇ? ಉಗಿಯಲಾಗುತ್ತದೆಯೇ? ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ರುಚಿ? ಇಲ್ಲ, ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ. ಎಳ್ಳಷ್ಟೂ ಇರಲಿಲ್ಲ. ಆದರೆ ಉರಿಯಲಿಲ್ಲ. ತಣ್ಣಗೆ ಜಾರಿ ಗಂಟಲಲ್ಲಿ ಇಳಿದುಹೋಯಿತು. ಇನ್ನೊಂದು ತುತ್ತು ತೆಗೆದುಕೊಂಡೆ, ಅದೂ ಇಳಿಯಿತು. ದೊನ್ನೆ ತೆಗೆದುಕೊಂಡು ಗುಡಿಯ ಜಗುಲಿಯ ಮೇಲೆ ಕೂತೆ. ಎಷ್ಟೋ ವಾರಗಳ ಮೇಲೆ ನಾನು ಒಂದು ಕಡೆ ಕೂತದ್ದು ಆಗಲೇ.

ಅಲ್ಲಿ ಕೂತಾಗ ಅಮ್ಮ ನನಗೆ ಬುದ್ಧಿ ಕೊಟ್ಟಳು. ಇಷ್ಟು ದಿನ ನಾನು ಉಣ್ಣುತ್ತಲೇ ಇರಲಿಲ್ಲ, ಬರೀ ರುಚಿ ನೋಡುತ್ತಿದ್ದೆ. ಪ್ರತಿ ಚಮಚವನ್ನೂ ಬಾಯಿಗಿಟ್ಟು, ಬಂತಾ, ಬಂತಾ ಎಂದು ಪರೀಕ್ಷೆ ಮಾಡುತ್ತಿದ್ದೆ. ಬರಲಿಲ್ಲ ಎಂದು ಉಗಿಯುತ್ತಿದ್ದೆ. ಪ್ರಸಾದವನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ನುಂಗುತ್ತೇವೆ. ಇಷ್ಟು ಸಣ್ಣ ವಿಷಯ ಹೊಳೆಯಲು ಅಮ್ಮ ನನ್ನನ್ನು ಕೆಂಗೇರಿಗೂ ನಂದಿನಿ ಲೇಔಟಿಗೂ ಓಡಾಡಿಸಬೇಕಾಯಿತು.

ಅವತ್ತಿನಿಂದ ಮನೆಯಲ್ಲಿ ಶ್ವೇತಾ ಏನು ಮಾಡಿಕೊಟ್ಟರೂ ಮೊದಲು ಅಮ್ಮನ ಪಟದ ಮುಂದೆ ಇಟ್ಟು, ಆಮೇಲೆ ತಿನ್ನುತ್ತೇನೆ. ಕಡೆದ ಬೇಳೆ, ನೆನೆಸಿದ ಇಡ್ಲಿ, ತೆಳ್ಳನೆಯ ರಾಗಿ ಅಂಬಲಿ, ಎಲ್ಲವೂ. ಮೊಟ್ಟೆ ಇಡಬಹುದಾ ಎಂದು ಶ್ವೇತಾ ಹಿಂದೆಮುಂದೆ ನೋಡಿದಳು. "ಇಡೇ, ಮಾರಮ್ಮನಿಗೆ ಮೊಟ್ಟೆ ಏನು ಹೊಸದಾ?" ಎಂದೆ. ಆಸ್ಪತ್ರೆಯ ಮೇಡಂ ಹೇಳಿದ ಹಾಗೆಯೇ ಸ್ವಲ್ಪ ಸ್ವಲ್ಪ, ಹಲವು ಸಲ. ಎಲ್ಲ ದಿನವೂ ಸಲೀಸಾಗಿರಲಿಲ್ಲ. ಎಷ್ಟೋ ಸಲ ಗಂಟಲಲ್ಲೇ ನಿಂತು ಕಣ್ಣಲ್ಲಿ ನೀರು ಬಂದಿದೆ, ತಟ್ಟೆ ತಳ್ಳಿ ಎದ್ದು ಬೀದಿಯ ತುದಿವರೆಗೆ ಹೋಗಿ ಬಂದಿದ್ದೇನೆ. ಆದರೆ ಬಂದು ಮತ್ತೆ ಕೂತಿದ್ದೇನೆ.

ಮುಂದಿನ ಸಲ ಸೊಂಟದಲ್ಲಿ ಬೀಗವಿಲ್ಲದೆ ತೂಕದ ಯಂತ್ರ ಹತ್ತಿದೆ. ಡಾಕ್ಟರು ನೋಡಿ, "ಇಳಿದಿಲ್ಲ. ಸ್ವಲ್ಪ ಏರಿದೆ ಕೂಡ. ಟ್ಯೂಬ್ ಮಾತು ಸದ್ಯಕ್ಕೆ ಬಿಡೋಣ" ಎಂದರು. ಏನು ಮಾಡಿದಿರಿ ಎಂದು ಕೇಳಿದರು. ಹೇಳಿದೆ. ಅವರು "ಹಾಗೇ ಮಾಡಿ, ನಿಲ್ಲಿಸಬೇಡಿ. ನನ್ನ ಮಾತ್ರೆನೂ ನಿಲ್ಲಿಸಬೇಡಿ" ಎಂದರು. ನಿಮಗೂ ನಾನು ಅದನ್ನೇ ಹೇಳುವುದು. ಅಮ್ಮನನ್ನೂ ಬಿಡಬೇಡಿ, ಡಾಕ್ಟರನ್ನೂ ಬಿಡಬೇಡಿ.

ನನ್ನ ತಳಮಳ ಪೂರ್ತಿ ಹೋಗಿದೆ ಎಂದು ತಿಳಿಯಬೇಡಿ. ತಪಾಸಣೆಯ ದಿನ ಹತ್ತಿರ ಬಂದರೆ ಈಗಲೂ ಮನೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಲೇ ಇರುತ್ತೇನೆ. ಸಿಹಿ ಈಗ ಅಷ್ಟಿಷ್ಟು ತಿಳಿಯುತ್ತದೆ, ಉಪ್ಪು ಇನ್ನೂ ತಿಳಿಯುವುದಿಲ್ಲ. ಬಂದಾಗ ಬರಲಿ.

ಹೋದ ಭಾನುವಾರ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಶ್ವೇತಾ ಫೋನಿನಲ್ಲಿ ತವರಿನವರ ಜೊತೆ ಮಾತಾಡುತ್ತಾ ಅಡುಗೆ ತಡ ಮಾಡಿದ್ದಳು. ಯಜಮಾನರು ಪೇಪರಿನಲ್ಲಿ ಮುಳುಗಿದ್ದರು. ನನಗೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಮೊದಲು ಹೆದರಿಕೊಂಡೆ. ಆಮೇಲೆ ಸಿಟ್ಟು ನೆತ್ತಿಗೇರಿತು.

"ಹೊತ್ತೆಷ್ಟಾಯ್ತು? ಈ ಮನೇಲಿ ಊಟಕ್ಕೆ ಹಾಕೋರು ಯಾರಾದ್ರೂ ಇದೀರಾ ಇಲ್ವಾ? ಹಸಿವಾಗಿ ಸಾಯ್ತಾ ಇದೀನಿ ನಾನು!"

ಶ್ವೇತಾ ಸೌಟು ಹಿಡಿದುಕೊಂಡೇ ಓಡಿಬಂದವಳು ಬಾಗಿಲಲ್ಲಿ ನಿಂತುಬಿಟ್ಟಳು. ಬೈಸಿಕೊಂಡವಳ ಮುಖದಲ್ಲಿ ನಗು, ಕಣ್ಣಲ್ಲಿ ನೀರು. ನಾನು ಏನಂದೆ ಎಂದು ನನಗೆ ಆಗ ತಿಳಿಯಿತು. ಯಜಮಾನರು ಪೇಪರು ಕೆಳಗಿಟ್ಟು ಎದ್ದರು. ಗುಡಿಯಿರುವ ದಿಕ್ಕಿಗೆ ತಿರುಗಿ ಎರಡೂ ಕೈ ಜೋಡಿಸಿದರು.

ಹಸಿವು ಕೊಟ್ಟ ತಾಯಿಗೆ ನನ್ನ ನಮಸ್ಕಾರ.