ಹಬೆಯಾಡಿದ ವಾಫಲ್ ಮಷೀನು

ರಾಜೇಶ್ವರದ ಗಯಾಬಾಯಿಯ ಗಂಡ ಹೊಲದ ಮೋಟಾರಿನ ಕರೆಂಟ್ ಹೊಡೆದು ಸತ್ತಿದ್ದ. ಅಂದಿನಿಂದ ಆಕೆ ಒಂದು ಸ್ವಿಚ್ಚನ್ನೂ ಮುಟ್ಟಿದವಳಲ್ಲ.

ಈಗ ಆಕೆ ಬಸವಕಲ್ಯಾಣದ ಮಗಳ ಮನೆಗೆ ಬಂದಿದ್ದಳು. ಒಂದು ಬೆಳಿಗ್ಗೆ ಮಗಳು ಮೇಘಾ ಕಡಲೆಹಿಟ್ಟಿಗೆ ಟೊಮೆಟೊ, ಆಲಿವ್ ಕಾಯಿ ಕಲಸಿ, ಚೌಕುಳಿ ದೋಸೆಯಂಥ ವಾಫಲ್ ಸುಡುವ ಹೊಸ ಕರೆಂಟ್ ಮಷೀನಿಗೆ ಹೊಯ್ದಳು. ಮುಚ್ಚಳದ ಸಂದಿಯಿಂದ ಹಬೆ ಬುಸ್ಸೆಂದಿತು. ಗಯಾಬಾಯಿ ಚೀರಿದಳು:

“ಮುಟ್ಟಬ್ಯಾಡ ಮೇಘಾ! ಕೈ ಹಸಿ ಅದ!”

“ಏನೂ ಆಗಂಗಿಲ್ಲ ಅವ್ವಾ. ಫಾರಿನ್ ಮಂದಿ ತಿನ್ನೋ ಮೆಡಿಟರೇನಿಯನ್ ನಾಷ್ಟಾ ಮಾಡಾಕತ್ತೇನಿ,” ಎಂದು ಮಗಳು ನಕ್ಕು ಮುಚ್ಚಳಕ್ಕೆ ಕೈ ಚಾಚಿದಳು.

ಗಯಾಬಾಯಿ ಲಟ್ಟಣಿಗೆಯಿಂದ ಸ್ವಿಚ್ಚನ್ನು ಕುಟ್ಟಿ ಆರಿಸಿದಳು.

ತಾಯಿ ಲಟ್ಟಣಿಗೆ ಕೆಳಗಿಡದೆ ನಿಂತದ್ದನ್ನು ಕಂಡು ಮೇಘಾಳ ನಗು ನಿಂತಿತು. ಅವಳು ಪ್ಲಗ್ ಕಿತ್ತು, ಉಳಿದ ಹಿಟ್ಟನ್ನು ಗ್ಯಾಸಿನ ಮೇಲಿನ ಹಂಚಿಗೆ ಸುರಿದಳು.

ಗಯಾಬಾಯಿ ತಾನು ತಿನ್ನದೆ ಮಗಳ ಎಡಗೈ ಹಿಡಿದು ಕೂತಳು. ಮಗಳು ತಿನ್ನುವಾಗಲೂ ಅದನ್ನು ಬಿಡಲಿಲ್ಲ.